ಖಾಲಿ ಹೊಟ್ಟೆಯ ಮಾತ್ರೆ

ಇಸಿಜಿ ತೆಗೆಯುವ ಹುಡುಗಿ ಮೂರನೆಯ ಸಲ ಮಿಷನ್ನಿನ ಗುಂಡಿ ಒತ್ತಿದಾಗ, ತಾನು ಸಿಕ್ಕಿಬಿದ್ದೆ ಎಂದು ಅನಂತೇಶನಿಗೆ ಖಾತ್ರಿಯಾಯಿತು. ಮೊದಲನೆಯ ಕಾಗದ ನೋಡಿ ಅವಳು ಸುಮ್ಮನೆ ಹುಬ್ಬು ಗಂಟಿಕ್ಕಿದ್ದಳು. ಎರಡನೆಯದನ್ನು ಹೊರಗೆ ಒಯ್ದು ಯಾರಿಗೋ ತೋರಿಸಿ ಬಂದಿದ್ದಳು. ಈಗ ಅವನ ಜನಿವಾರವನ್ನು ಮತ್ತೊಮ್ಮೆ ಹೆಗಲಿನತ್ತ ಸರಿಸಿ, ಎದೆಗೆ ತಣ್ಣಗಿನ ಲೋಳೆ ಹಚ್ಚಿ, "ಅಲುಗಾಡ್ಬೇಡಿ ಭಟ್ರೇ, ಉಸಿರು ಆರಾಮಾಗಿ ಬಿಡಿ" ಅಂದಳು. ಆರಾಮಾಗಿ ಅಂತೆ! ಹಂದಿಜ್ವರದ ಭಯಕ್ಕೆ ಕಟ್ಟಿದ ಹಸಿರು ಮಾಸ್ಕಿನ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಸುಗಂಧಿ ಎಂದು ಕೋಟಿನ ಮೇಲೆ ಬರೆದಿತ್ತು. ಅನಂತೇಶ ಆ ಕಣ್ಣನ್ನೇ ಓದಲು ನೋಡಿದ. ಐವತ್ತನಾಲ್ಕು ವರ್ಷದ ಗಂಡಸು, ಎರಡು ಜಿಲ್ಲೆಗಳ ಮನೆಗಳಲ್ಲಿ ಕಾಲು ತೊಳೆಸಿಕೊಂಡು ನಮಸ್ಕಾರ ಹಾಕಿಸಿಕೊಂಡವನು, ಹೀಗೆ ಕೈಕಾಲಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಮಗಳ ವಯಸ್ಸಿನವಳ ಕಣ್ಣಿನಲ್ಲಿ ತನ್ನ ಭವಿಷ್ಯ ಹುಡುಕುತ್ತ ಮಲಗಿದ್ದೇನಲ್ಲ ಎಂದು ನಾಚಿಕೆಯಾಯಿತು. "ಎಂತ ಆಯ್ತಮ್ಮ?" ಎಂದು ಕೇಳಿದ. "ಡಾಕ್ಟ್ರು ಹೇಳ್ತಾರೆ" ಅಂದಳು. ಅದು ಒಳ್ಳೆಯ ಸುದ್ದಿ ಇದ್ದವರು ಹೇಳುವ ಮಾತಲ್ಲ. ನಿನ್ನೆ ಹಿರಿಯಡ್ಕದಲ್ಲಿ ಬಸ್ಸು ಇಳಿಯುವಾಗ ಕಣ್ಣು ಕಪ್ಪಿಟ್ಟು, ಲೋಕವೆಲ್ಲ ಒಂದು ಕ್ಷಣ ಆರಿಹೋಗಿ, ಬಾಗಿಲಿನ ಸರಳಿಗೆ ಜೋತುಬಿದ್ದದ್ದು ನೆನಪಾಯಿತು. ಕಂಡಕ್ಟರ್ ಅವನ ತೋಳು ಹಿಡಿದು, ಬಸ್ಸಿನವರಿಗೆಲ್ಲ ಕೇಳುವಂತೆ, "ಎಂತ ಭಟ್ರೇ, ಹಗಲಲ್ಲೇ ಶುರು ಮಾಡಿದ್ರಾ?" ಎಂದು ನಕ್ಕಿದ್ದ. ಹಿಂದಿನ ಸೀಟಿನ ಹೆಂಗಸರೂ ನಕ್ಕಿದ್ದರು. ಅನಂತೇಶನೂ ನಕ್ಕುಬಿಟ್ಟಿದ್ದ. ಕುಡುಕ ಅಂದುಕೊಂಡರೂ ಪರವಾಗಿಲ್ಲ, ರೋಗಿ ಅಂದುಕೊಳ್ಳುವುದು ಬೇಡ ಅನ್ನಿಸಿತ್ತು ಆಗ.

ಹೊರಗಿನ ಬೆಂಚಿನಲ್ಲಿ ಮನೋರಮಾ ಫೈಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪೆರ್ಡೂರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದ ಕೈ ಅದು. ಆರು ವರ್ಷದ ಕಾಗದಗಳೆಲ್ಲ ತಾರೀಕಿನ ಪ್ರಕಾರ ಇದ್ದವು. ಗಂಡನ ರಕ್ತದ ಕ್ಯಾನ್ಸರನ್ನು ಅವಳು ಒಂದು ದಡ್ಡ ಹುಡುಗನನ್ನು ಪಾಸು ಮಾಡಿಸುವ ಹಟದಲ್ಲಿ ನೋಡಿಕೊಂಡಿದ್ದಳು. ಮೊದಲ ಮಾತ್ರೆ ಐದು ವರ್ಷ ಕೆಲಸ ಮಾಡಿ, ಹೋದ ವರ್ಷ ಸೋತಿತು. ಆಮೇಲೆ ಈ ಹೊಸ ಕ್ಯಾಪ್ಸೂಲು. ಕಂಪೆನಿಯವರೇ ಬಡರೋಗಿಗಳ ಪಟ್ಟಿಗೆ ಹೆಸರು ಸೇರಿಸಿ ಕಳಿಸುವ ಈ ಡಬ್ಬಿಗಾಗಿ ಅವಳು ಎಷ್ಟು ಅರ್ಜಿ ಬರೆದಿದ್ದಳೋ. ಡಬ್ಬಿ ಬಂದ ದಿನವೇ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಒಂದು ಹಾಳೆ ಅಂಟಿಸಿದ್ದಳು, ದುಂಡಗಿನ ಅಕ್ಷರದಲ್ಲಿ: ಬೆಳಿಗ್ಗೆ ಏಳಕ್ಕೆ ಎರಡು, ರಾತ್ರಿ ಏಳಕ್ಕೆ ಎರಡು. ಮಾತ್ರೆಗೆ ಎರಡು ಗಂಟೆ ಮೊದಲು ಏನೂ ತಿನ್ನಬಾರದು, ನುಂಗಿದ ಮೇಲೆ ಒಂದು ಗಂಟೆ ಏನೂ ತಿನ್ನಬಾರದು, ನೀರು ಮಾತ್ರ. ಹಳೆಯ ಮಾತ್ರೆಯನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕಿತ್ತು. ಹೊಟ್ಟೆ ತುಂಬಿರಬೇಕು ಅಂತಿದ್ದರು. ಈಗ ಖಾಲಿ ಇರಬೇಕಂತೆ. ಇವರದ್ದೆಲ್ಲ ಹೀಗೇ, ನಿನ್ನೆ ಒಂದು, ಇವತ್ತು ಒಂದು ಎಂದು ಅನಂತೇಶ ಆ ಹಾಳೆ ಕಂಡಾಗೆಲ್ಲ ಒಳಗೇ ಗೊಣಗುತ್ತಿದ್ದ. ಗೊಣಗುವುದು ಸುಲಭವಿತ್ತು. ಅದರ ಮರೆಯಲ್ಲಿ ಬೇರೆಯದನ್ನು ಇಟ್ಟುಕೊಳ್ಳಬಹುದಿತ್ತು.

"ಎಷ್ಟು ಹೊತ್ತು ಮಾಡಿದ್ರು! ಎಂತ ಅಂದ್ರು?" ಮನೋರಮಾ ಕೇಳಿದಳು. "ಎಂತ ಇಲ್ಲ. ಮಿಷನ್ ಸರಿ ಇಲ್ವಂತೆ." ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡು ಎಂದು ಅವನಿಗೇ ಆಶ್ಚರ್ಯವಾಯಿತು. ಬೆಂಚಿನ ಆಚೆ ತುದಿಯಲ್ಲಿ ಕೂತಿದ್ದ ಕರಿಯ ಗಟ್ಟಿ ಆಳು ಬಾಗಿ ನಕ್ಕ. ಅವನು ಮಲಕಪ್ಪ, ರಾಯಚೂರು ಕಡೆಯವನು, ನಂದಿಕೂರಿನಲ್ಲಿ ಏಳುತ್ತಿದ್ದ ವಿದ್ಯುತ್ ಸ್ಥಾವರದಲ್ಲಿ ಕಾಂಕ್ರೀಟಿನ ಕೆಲಸ. ಪ್ರತಿ ತಿಂಗಳು ಇದೇ ಬೆಂಚು, ಇದೇ ಕಾಯಿಲೆ, ಇದೇ ಡಬ್ಬಿ. "ಏನ್ರೀ ಸ್ವಾಮ್ಯಾರ, ಮುಖ ಸಣ್ಣಾಗೇತಲ್ರಿ?" ಅಂದ. ಮೆಲ್ಲಗೆ ಮಾತಾಡುವ ಅಭ್ಯಾಸವೇ ಅವನಿಗಿಲ್ಲ. "ನನಗ ನೋಡ್ರಿ, ಬೆಳಗ್ಗೆ ಏಳಕ್ಕ ಮೊಬೈಲು ಒದರತೈತಿ. ನಾ ಗುಳಿಗಿ ನುಂಗಿ ಎಂಟಾಗೂತನ ನಮ್ಮ ಹನುಮವ್ವ ಒಲಿ ಹಚ್ಚಂಗಿಲ್ಲ. ರೊಟ್ಟಿ ವಾಸನಿ ಬಂದ್ರ ನಾ ತಡಕೊಳ್ಳಂಗಿಲ್ಲ ಅಂತ ಆಕಿಗೆ ಗೊತ್ತು. ಬಾಜೂ ಶೆಡ್ಡಿನ ಮಂದೀನೂ ಕೇಳ್ತಾರ, ಮಲಕಪ್ಪಣ್ಣ, ನಿನ್ನ ಗಂಟಿ ಆತೇನು, ನಾವು ಒಲಿ ಹಚ್ಚಬೌದೇನು ಅಂತ!" ಹೊಟ್ಟೆ ಕುಣಿಸಿ ನಕ್ಕ. ಇಡೀ ಶೆಡ್ಡಿಗೆ ಗೊತ್ತಿದೆ ಇವನ ಕ್ಯಾನ್ಸರ್. ಗೊತ್ತಿದ್ದೂ ಅವನು ನಗುತ್ತಾನೆ, ಅವರು ಅವನ ಗಂಟೆಗೆ ಕಾಯುತ್ತಾರೆ. "ನೀವು ಹೆಂಗ್ ತಗೋತೀರಿ?" ಎಂದು ಮಲಕಪ್ಪ ಕೇಳಿದ. "ಹಾಗೆಯೇ" ಎಂದ ಅನಂತೇಶ, ಮತ್ತು ಮನೋರಮಾ ಹೆಮ್ಮೆಯಿಂದ, "ಒಂದು ನಿಮಿಷ ಆಚೀಚೆ ಇಲ್ಲ" ಎಂದು ಸೇರಿಸಿದಾಗ ಅವನಿಗೆ ಎದೆಯೊಳಗೆ ಏನೋ ಹಿಂಡಿದಂತಾಯಿತು. ಹೃದಯವೋ ಮನಸ್ಸೋ, ಇತ್ತೀಚೆಗೆ ಬೇರೆ ಮಾಡಲು ಆಗುತ್ತಿರಲಿಲ್ಲ.

ಹಾಗೆಯೇ ಅಲ್ಲ. ಹಾಗಿರಲೇ ಇಲ್ಲ. ಅನಂತೇಶ ಶ್ರಾದ್ಧಗಳಲ್ಲಿ ಉಣ್ಣುವ ಬ್ರಾಹ್ಮಣ. ತಂದೆಯ ಕಾಲದಿಂದ ಬಂದ ಕೆಲಸ. ಸತ್ತವರ ತಿಥಿಯ ದಿನ ಮನೆಯವರು ಅವನನ್ನು ಕರೆದು, ಕಾಲು ತೊಳೆದು, ಪಿತೃಸ್ಥಾನದಲ್ಲಿ ಕೂರಿಸಿ, ತೀರಿಹೋದ ಅಪ್ಪನೋ ಅಜ್ಜನೋ ಎದುರಿಗೆ ಬಂದು ಕೂತಿದ್ದಾರೆ ಎಂದೇ ಬಡಿಸುತ್ತಾರೆ. ಉದ್ದಿನ ವಡೆ, ಎಳ್ಳುಂಡೆ, ಗೋಧಿ ಪಾಯಸ, ಅನ್ನದ ಮೇಲೆ ಧಾರೆಯಾಗಿ ತುಪ್ಪ. ಬೇಡ ಅನ್ನುವಂತಿಲ್ಲ; ಬೇಡ ಅಂದರೆ ಅಂದವನು ಇವನಲ್ಲ, ಅವರ ಅಪ್ಪ ಅಂದಂತೆ. ಎಲೆಗೆ ಕೂರುವ ತನಕ ಬ್ರಾಹ್ಮಣ ಬಾಯಿಗೆ ನೀರೂ ಹಾಕಬಾರದು. ಮತ್ತೆ, ರೋಗಿ ಆ ಸ್ಥಾನದಲ್ಲಿ ಕೂರಬಾರದು. ಇದೆಲ್ಲ ಅವನೇ ಹತ್ತಾರು ಹುಡುಗರಿಗೆ ಹೇಳಿಕೊಟ್ಟ ಪಾಠ. ಕಾಯಿಲೆ ತಿಳಿದ ವರ್ಷವೇ ಮನೋರಮಾ, "ಆ ಊಟ ಇನ್ನು ಸಾಕು. ನನ್ನ ಸಂಬಳದಲ್ಲಿ ನಾವು ಇಬ್ಬರು ಬದುಕ್ಲಿಕ್ಕೆ ಸಾಕು" ಅಂದಿದ್ದಳು. ಶಾಲೆಯ ಸ್ಟಾಫ್‌ರೂಮಿನಲ್ಲಿ ಯಾರೋ 'ತಿಥಿ ಭಟ್ರ ಹೆಂಡತಿ' ಅಂದದ್ದು ಅವಳ ಕಿವಿಗೆ ಬಿದ್ದಿತ್ತೆಂದೂ ಅವನಿಗೆ ಗೊತ್ತಿತ್ತು. ಹೂಂ ಅಂದಿದ್ದ. ಆದರೆ ಕರೆ ಬಂದಾಗ ಬಟ್ಟೆಯ ಚೀಲ ಹಿಡಿದು, ಪಾರಾಯಣ ಉಂಟು ಎಂದು ಹೇಳಿ, ಕಾಪುವಿಗೋ ಕಾರ್ಕಳಕ್ಕೋ ಬಸ್ಸು ಹತ್ತುತ್ತಿದ್ದ. ವರ್ಷವಿಡೀ ವಾರಕ್ಕೊಂದು, ಪಿತೃಪಕ್ಷ ಬಂತೆಂದರೆ ಹದಿನೈದು ದಿನದಲ್ಲಿ ಹನ್ನೊಂದು ಮನೆ. ಅಂಥ ದಿನ ಬೆಳಗಿನ ಏಳರ ಮಾತ್ರೆಯನ್ನು ಮನೋರಮಾಳ ಎದುರಿಗೆ ಅಂಗೈಗೆ ಹಾಕಿಕೊಂಡು, ಅವಳು ಆಚೆ ತಿರುಗಿದಾಗ ಸೊಂಟದ ಗಂಟಿಗೆ ಸೇರಿಸುತ್ತಿದ್ದ. ಮಧ್ಯಾಹ್ನ ಎರಡಕ್ಕೆ ಉಂಡು ಎದ್ದು, ಕೈತೊಳೆಯುವ ನೆಪದಲ್ಲಿ ಆ ಮನೆಯ ಹಿತ್ತಲಿಗೆ ಹೋಗಿ, ತುಪ್ಪ ಪಾಯಸ ತುಂಬಿದ ಹೊಟ್ಟೆಗೆ ಎರಡು ಕ್ಯಾಪ್ಸೂಲು ನುಂಗುತ್ತಿದ್ದ. ನುಂಗಿದೆನಲ್ಲ, ಬಿಟ್ಟಿಲ್ಲವಲ್ಲ! ಹೊತ್ತು ಸ್ವಲ್ಪ ತಪ್ಪಿತು, ಅಷ್ಟೇ. ಸಂಜೆ ಏಳಕ್ಕೆ ಮತ್ತೆ ಎರಡು, ಮನೋರಮಾ ನೀರಿನ ಲೋಟ ಹಿಡಿದು ನಿಂತಾಗ.

"ಅನಂತೇಶ ಉಪಾಧ್ಯ" ಎಂದು ಕೂಗಿದರು. ಡಾಕ್ಟರ್ ಶರ್ವಾಣಿ ಮೇಜಿನ ಮೇಲೆ ಮೂರೂ ಕಾಗದಗಳನ್ನು ಸಾಲಾಗಿ ಹರಡಿಕೊಂಡು ಸಣ್ಣ ಸ್ಕೇಲಿನಿಂದ ಅಳೆಯುತ್ತಿದ್ದರು. ಯಾವಾಗಲೂ ಮೊದಲು ಮನೋರಮಾಳ ಶಾಲೆಯ ಸುದ್ದಿ ಕೇಳುವವರು, ಇವತ್ತು ಕೇಳಲಿಲ್ಲ. "ತಲೆಸುತ್ತು ಬಂದಿತ್ತಾ?" ಎಂದು ನೇರ ಕೇಳಿದರು. "ನಿನ್ನೆ... ಸ್ವಲ್ಪ" ಅಂದ. ಮನೋರಮಾ ಸರಕ್ಕನೆ ತಿರುಗಿ ನೋಡಿದಳು. ಡಾಕ್ಟರು ಪೆನ್ನಿನ ತುದಿಯಿಂದ ಏರಿಳಿತದ ಗೆರೆ ತೋರಿಸಿ ನಿಧಾನವಾಗಿ ಹೇಳಿದರು: "ಹೃದಯ ಒಂದು ಸಲ ಬಡಿದ ಮೇಲೆ ಮುಂದಿನ ಬಡಿತಕ್ಕೆ ಸಜ್ಜಾಗಬೇಕು. ಅದಕ್ಕೆ ಹಿಡಿಯುವ ಹೊತ್ತು ನಾನೂರೈವತ್ತು ಮಿಲಿಸೆಕೆಂಡಿನ ಒಳಗಿದ್ದರೆ ಒಳ್ಳೆಯದು. ನಿಮ್ಮದು ಐನೂರ ಹತ್ತಕ್ಕೆ ಹೋಗಿದೆ. ಈ ಕ್ಯಾಪ್ಸೂಲಿಗೆ ಆ ಗುಣ ಇದೆ, ಅದಕ್ಕೇ ನಾವು ಪ್ರತಿ ಸಲ ಇಸಿಜಿ ಮಾಡಿಸುವುದು. ಹೀಗೇ ಬಿಟ್ಟರೆ ಒಂದು ದಿನ ಬಡಿತದ ತಾಳ ತಪ್ಪಿ ನೀವು ನಿಂತಲ್ಲೇ ಬೀಳಬಹುದು. ಏಳದೇ ಇರಬಹುದು." ಅನಂತೇಶನಿಗೆ ನಗು ಬಂದಂತಾಯಿತು, ಹೆದರಿಕೆಯ ನಗು. ರಕ್ತ ಶುದ್ಧವಾಗುತ್ತಿದೆ ಎಂದು ಹೋದ ತಿಂಗಳು ಇವರೇ ಸಂಭ್ರಮದಿಂದ ಹೇಳಿದ್ದರು. ರಕ್ತವನ್ನು ಉಳಿಸಿದ್ದು ಎದೆಗೆ ಕೈ ಹಾಕಿತೇ?

"ಹೊತ್ತು ತಪ್ಪದೆ ತೆಗೆದುಕೊಳ್ತಿದ್ದಾರಾ? ಊಟದ ಅಂತರ?" ಎಂದು ಡಾಕ್ಟರು ಕೇಳಿದ್ದು ಮನೋರಮಾಳನ್ನು. "ಒಂದು ದಿನವೂ ತಪ್ಪಿಲ್ಲ ಡಾಕ್ಟ್ರೇ. ನಾನೇ ಎದುರಿಗೆ ನಿಂತು ಕೊಡೋದು. ಏಳು ಅಂದ್ರೆ ಏಳು, ಎಂಟರ ತನಕ ಒಂದು ತೊಟ್ಟು ಚಾ ಇಲ್ಲ" ಎಂದಳು ಅವಳು, ತನ್ನ ವಿದ್ಯಾರ್ಥಿಯ ಪರವಾಗಿ ವಾದಿಸುವ ದನಿಯಲ್ಲಿ. ಡಾಕ್ಟರ್ ಶರ್ವಾಣಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಅದೇ ನನಗೆ ಬೇಸರ. ತಪ್ಪಾಗಿ ತೆಗೆದುಕೊಂಡಿದ್ದರೆ ಸರಿ ಮಾಡಬಹುದಿತ್ತು. ಸರಿಯಾಗಿ ತೆಗೆದುಕೊಂಡೂ ಹೀಗಾದರೆ, ಈ ಮೈಗೆ ಈ ಔಷಧ ಆಗುವುದಿಲ್ಲ ಅಂತಲೇ ಅರ್ಥ. ಶಾಶ್ವತವಾಗಿ ನಿಲ್ಲಿಸಬೇಕಾಗುತ್ತದೆ. ಇನ್ನೊಂದು ಮಾತ್ರೆ ಇದೆ, ಆದರೆ ನಿಮ್ಮ ರಕ್ತದ ಪರೀಕ್ಷೆ ನೋಡಿದರೆ ಅದು ನಿಮಗೆ ನಾಟುವುದಿಲ್ಲ." ಅವರು ಫೈಲು ತೆರೆದು ಬರೆಯತೊಡಗಿದರು. ಮನೋರಮಾಳ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

ಒಂದು ಸಾಲು ಬರೆಯಲು ಎಷ್ಟು ಹೊತ್ತು? ಅಷ್ಟರೊಳಗೆ ಅನಂತೇಶ ಎಲ್ಲ ಲೆಕ್ಕ ಹಾಕಿದ. ಬಾಯಿ ಮುಚ್ಚಿಕೊಂಡರೆ ಮಾನ ಉಳಿಯುತ್ತದೆ, ಮಾತ್ರೆ ಹೋಗುತ್ತದೆ. ಮಾತ್ರೆ ಹೋದರೆ ವರ್ಷವೋ ಎರಡು ವರ್ಷವೋ. ಬಾಯಿ ಬಿಟ್ಟರೆ ಈ ಹೆಂಗಸಿನ ಎದುರು, ಆರು ವರ್ಷ ತನ್ನನ್ನು ನಂಬಿ ಲೋಟ ಹಿಡಿದು ನಿಂತವಳ ಎದುರು, ತಾನು ಯಾರು ಎಂದು ಹೇಳಬೇಕು. ಸಾಯುವುದಕ್ಕಿಂತ ನಾಚಿಕೆಯೇ ದೊಡ್ಡದಾಗಿ ಕಾಣಿಸುವಷ್ಟು ಮೂರ್ಖನೇ ನಾನು? ಹೌದು, ಅಷ್ಟೇ ಮೂರ್ಖ. ಮಲಕಪ್ಪನ ಹನುಮವ್ವ ಹೊತ್ತಿಸದ ಒಲೆಯೆದುರು ಕೂತಿರುವುದು ಯಾಕೋ ಕಣ್ಣಿಗೆ ಬಂತು. ಕಾರ್ಕಳದ ಮನೆಯ ಹಿತ್ತಲಲ್ಲಿ, ಬಚ್ಚಲ ಗೋಡೆಗೆ ಮುಖ ಮಾಡಿ, ಕಳ್ಳ ಬೆಕ್ಕಿನ ಹಾಗೆ ಮಾತ್ರೆ ನುಂಗಿದ ತನ್ನ ಬೆನ್ನೂ ಕಂಡಿತು. "ಬರೀಬೇಡಿ" ಎಂದ. ದನಿ ತನ್ನದಲ್ಲ ಅನ್ನಿಸಿತು. "ಬರೀಬೇಡಿ ಡಾಕ್ಟ್ರೇ. ಅವಳಿಗೆ ಗೊತ್ತಿಲ್ಲ. ನಾನು ತಪ್ಪು ತೆಗೊಂಡದ್ದು."

ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ಶ್ರಾದ್ಧ, ಉಪವಾಸ, ಸೊಂಟದ ಗಂಟು, ಹಿತ್ತಲು, ಎಲ್ಲ. ಮನೋರಮಾಳ ಕಡೆ ನೋಡದೆ, ಮೇಜಿನ ಮೇಲಿನ ಪೇಪರ್‌ವೈಟಿಗೆ ಹೇಳಿದಂತೆ ಹೇಳಿದ. ಬೈಗುಳಕ್ಕೆ ಮೈ ಬಿಗಿಹಿಡಿದು ಕೂತ. ಡಾಕ್ಟರ್ ಶರ್ವಾಣಿ ಮಾತ್ರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅವರ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಕಳೆದುಹೋದ ಬೀಗದ ಕೈ ಸಿಕ್ಕವರ ಅವಸರ. "ಊಟದಲ್ಲಿ ಏನೇನು ಇರುತ್ತದೆ? ತುಪ್ಪ ಎಷ್ಟು? ಕರಿದದ್ದು?" ಅನಂತೇಶ ತಬ್ಬಿಬ್ಬಾದ. "ವಡೆ... ನಾಲ್ಕೋ ಐದೋ. ಪಾಯಸ ಎರಡು ಸಲ. ತುಪ್ಪ ಲೆಕ್ಕ ಇಲ್ಲ. ಅವರು ಹಾಕ್ತಾ ಹೋಗ್ತಾರೆ." "ಅದರ ಮೇಲೆ ಎರಡು ಕ್ಯಾಪ್ಸೂಲು. ಐದೇ ಗಂಟೆಯಲ್ಲಿ ಇನ್ನೆರಡು. ಹೀಗೆ ಎಷ್ಟು ದಿನ?" "ಈ ಪಕ್ಷದಲ್ಲಿ ಹತ್ತು. ನಾಳೆ ಅಮಾವಾಸ್ಯೆ, ಅದು ಸೇರಿದ್ರೆ ಹನ್ನೊಂದು." "ಅಯ್ಯೋ ದೇವರೇ!" ಎಂದು ಅವರು ನಕ್ಕೇಬಿಟ್ಟರು, ಆಮೇಲೆ ನಗಬಾರದಿತ್ತು ಎಂಬಂತೆ ಬಾಯಿ ಒತ್ತಿಕೊಂಡರು. "ಭಟ್ಟರೇ, ಜಿಡ್ಡಿನ ಊಟದ ಮೇಲೆ ಈ ಔಷಧ ರಕ್ತಕ್ಕೆ ಒಂದೂವರೆ ಪಟ್ಟಿಗಿಂತ ಹೆಚ್ಚು ಇಳಿಯುತ್ತದೆ. ಖಾಲಿ ಹೊಟ್ಟೆ ಅಂದದ್ದು ಅದಕ್ಕೆ. ನಿಮ್ಮ ಹೃದಯ ಕೆಟ್ಟಿಲ್ಲ, ನೀವು ಅದಕ್ಕೆ ಔಷಧ ಮಿತಿಮೀರಿ ಉಣ್ಣಿಸಿದ್ದೀರಿ." ಬರೆದ ಅರ್ಧ ಸಾಲನ್ನು ಅವರು ಅಡ್ಡಗೀಟು ಹಾಕಿ ಹೊಡೆದರು. ಇವತ್ತು ವಾರ್ಡಿನಲ್ಲಿ ಇದ್ದು ಎದೆಬಡಿತದ ಮೇಲೆ ಕಣ್ಣಿಡಬೇಕು, ರಕ್ತದ ಪೊಟ್ಯಾಸಿಯಮ್ ನೋಡಬೇಕು. ಮಾತ್ರೆ ಸದ್ಯಕ್ಕೆ ಬಂದ್. ಗೆರೆ ಕೆಳಗಿಳಿದರೆ ಸರಿಯಾದ ಕ್ರಮದಲ್ಲಿ ಮತ್ತೆ ಶುರು ಮಾಡಿ, ವಾರದೊಳಗೆ ಇನ್ನೊಂದು ಇಸಿಜಿ. "ಇಳಿಯುತ್ತದೆ ಅಂತ ನನಗೆ ನಂಬಿಕೆ ಇದೆ. ನೀವು ಇದನ್ನು ಹೇಳದೇ ಇದ್ದಿದ್ದರೆ..." ಎಂದು ಅವರು ಅಲ್ಲಿಗೇ ನಿಲ್ಲಿಸಿದರು. "ಬೆಳಿಗ್ಗೆ ಏಳಕ್ಕೆ ಒಂದು ಲೋಟ ನೀರಲ್ಲಿ ನುಂಗಿದ್ದರೆ ಮಧ್ಯಾಹ್ನ ಏನು ಬೇಕಾದರೂ ಉಣ್ಣಬಹುದಿತ್ತಲ್ಲ?" "ನೀರೂ ಕುಡಿಯಬಾರದು" ಎಂದ ಅನಂತೇಶ. ಹೇಳುವಾಗಲೇ ಆ ಮಾತು ಈ ಕೋಣೆಯಲ್ಲಿ ಎಷ್ಟು ಬಡಪಾಯಿ ಎಂದು ಅವನಿಗೆ ಕೇಳಿಸಿತು.

ವಾರ್ಡಿನ ಮಂಚದ ಮೇಲೆ ಅವನನ್ನು ಮಲಗಿಸಿ, ಎದೆಗೆ ಮತ್ತೆ ವಯರು ಅಂಟಿಸಿ ನರ್ಸು ಹೋದ ಮೇಲೆ ಮನೋರಮಾ ಫೈಲಿನ ಕಾಗದಗಳನ್ನು ಮತ್ತೆ ತಾರೀಕಿನ ಪ್ರಕಾರ ಜೋಡಿಸತೊಡಗಿದಳು. ಕಿಟಕಿಯಾಚೆ ಮಣಿಪಾಲದ ಇಳಿಜಾರು, ಅಲ್ಲಿ ಬಿಸಿಲು ಬಂದು ಹೋಗಿ ಮಾಡುತ್ತಿತ್ತು. ಬೈದರೆ ಒಳ್ಳೆಯದಿತ್ತು. "ಏಳರ ಮಾತ್ರೆ ಸೊಂಟದ ಗಂಟಿಗೆ" ಎಂದಳು ಕೊನೆಗೆ. "ನಾನು ಅಲ್ಲೇ ನಿಂತಿದ್ದೆ. ನನ್ನ ಮಕ್ಕಳು ಪರೀಕ್ಷೆಯಲ್ಲಿ ಕಾಪಿ ಹೊಡೆದ್ರೆ ನನಗೆ ಹಿಂದಿನ ಬೆಂಚಿಂದ ಗೊತ್ತಾಗ್ತದೆ. ನಿಮ್ಮದು ಗೊತ್ತಾಗ್ಲಿಲ್ಲ ನೋಡಿ." ಅವಳು ಫೈಲು ಮುಚ್ಚಿದಳು. "ಯಾಕೆ ಹೋಗ್ತಿದ್ರಿ? ಮನೇಲಿ ಊಟ ಇರ್ಲಿಲ್ವಾ?" ಅನಂತೇಶ ಮೇಲಿನ ಫ್ಯಾನನ್ನು ನೋಡಿದ. ಮನೆಯಲ್ಲಿ ಅವನು ರೋಗಿ. ಎಷ್ಟು ಉಪ್ಪು, ಎಷ್ಟು ನಿದ್ದೆ, ಜ್ವರ ಎಷ್ಟು. ಅಲ್ಲಿ, ಆ ಮಣೆಯ ಮೇಲೆ, ಯಾರೂ ಅವನನ್ನು ಕನಿಕರದಿಂದ ನೋಡುತ್ತಿರಲಿಲ್ಲ. ದೊಡ್ಡ ದೊಡ್ಡ ಗಂಡಸರು ಬಗ್ಗಿ ಅವನ ಕಾಲು ಮುಟ್ಟುತ್ತಿದ್ದರು. ಸತ್ತವರ ಜಾಗದಲ್ಲಿ ಕೂತು ಉಣ್ಣುವಾಗ ಸಾವು ಆಗಲೇ ಮುಗಿದುಹೋದ ಕೆಲಸದಂತೆ, ಹೆದರಬೇಕಾದ್ದು ಇನ್ನೇನೂ ಉಳಿದಿಲ್ಲದಂತೆ ಅನ್ನಿಸುತ್ತಿತ್ತು. ಇದನ್ನೆಲ್ಲ ಹೇಗೆ ಹೇಳುವುದು? "ಅಲ್ಲಿ ನನಗೆ ಹೆದರಿಕೆ ಆಗ್ತಿರ್ಲಿಲ್ಲ ಮನು" ಎಂದ. ಅಷ್ಟೇ ಬಂತು. ಅವಳು ಹೊದಿಕೆಯ ಮೇಲಿದ್ದ ಅವನ ಕೈಯನ್ನು ಒರಟಾಗಿ ಎಳೆದು ಹಿಡಿದುಕೊಂಡಳು. "ನನಗೆ ಆಗ್ತಿತ್ತು" ಅಂದಳು. "ನನಗೆ ಹೇಳ್ಬಹುದಿತ್ತಲ್ಲ ಮಾರಾಯ್ರೆ. ಇಬ್ರೂ ಒಟ್ಟಿಗೆ ಹೆದರ್ತಿದ್ವು."

ಸಂಜೆಯ ಹೊತ್ತಿಗೆ ಸುಗಂಧಿಯೇ ಮಿಷನ್ನು ತಳ್ಳಿಕೊಂಡು ಬಂದಳು. ಈ ಸಲ ಒಂದೇ ಕಾಗದ. ಡಾಕ್ಟರು ಬಂದು ಅಳೆದು, "ನಾನೂರ ಎಂಬತ್ತೆರಡು. ಇಳಿಯುತ್ತಾ ಇದೆ" ಅಂದರು. ಮನೋರಮಾ ಆ ಸಂಖ್ಯೆಯನ್ನು ಫೈಲಿನ ಹೊರಗೆ ದುಂಡಗೆ ಬರೆದುಕೊಂಡಳು. ಆಮೇಲೆ ಮೊಬೈಲನ್ನು ಅವನ ಕೈಗಿಟ್ಟು, "ನಾಳೆ ಯಾರ ಮನೆ? ಅವ್ರಿಗೆ ಬರುದಿಲ್ಲ ಅಂತ ಹೇಳಿ. ಪಾಪ, ಕಾಯ್ತಾರೆ" ಅಂದಳು. ನಾಳೆಯದು ಕಾಪುವಿನ ತಾರಾನಾಥ ರಾಯರ ಮನೆ. ಅಕ್ಕಿ ಮಿಲ್ಲಿನ ರಾಯರು; ಅಪ್ಪನ ತಿಥಿಗೆ, ಮಹಾಲಯಕ್ಕೆ, ಹತ್ತು ವರ್ಷದಿಂದ ಅನಂತೇಶನೇ ಬೇಕು ಅವರಿಗೆ. ಫೋನು ರಿಂಗಾಗುವಾಗ ಒಂದು ಸುಳ್ಳು ತಾನಾಗಿ ನಾಲಗೆಯ ಮೇಲೆ ಬಂದು ಕೂತಿತು. ಜ್ವರ ಅಂದರೆ ಸಾಕು! ಈ ಕಾಲದಲ್ಲಿ ಜ್ವರ ಅಂದರೆ ರಾಯರೇ ಬರಬೇಡಿ ಅನ್ನುತ್ತಾರೆ. ಆದರೆ ಮತ್ತೆ ಕರೆಯುತ್ತಾರೆ. ಮತ್ತೆ ಸೊಂಟದ ಗಂಟು, ಮತ್ತೆ ಹಿತ್ತಲು.

"ಹಲೋ ಭಟ್ರೇ, ನಾಳೆ ಹತ್ತಕ್ಕೆ ಕಾರು ಕಳಿಸ್ಲಾ?" ಎಂದು ರಾಯರ ದೊಡ್ಡ ದನಿ ಬಂತು. "ನಾನು ಬರುದಿಲ್ಲ ರಾಯರೇ. ನನಗೆ ಹುಷಾರಿಲ್ಲ." ಮನೋರಮಾಳ ಕಡೆ ನೋಡಿದ. "ನನಗೆ ಕ್ಯಾನ್ಸರ್ ಉಂಟು. ರಕ್ತದ್ದು." ಆ ಶಬ್ದವನ್ನು ತನ್ನ ಬಾಯಿಯಿಂದಲೇ ಹೊರಗಿನವರಿಗೆ ಹೇಳಿದ್ದು ಇದೇ ಮೊದಲು. ಆ ಕಡೆ ಮಿಲ್ಲಿನ ಸದ್ದು ಮಾತ್ರ ಕೇಳುತ್ತಿತ್ತು. "ಯಾವಾಗಿಂದ?" "ಆರು ವರ್ಷ ಆಯ್ತು." "ಹೋದ ಸಲ ಅಪ್ಪನ ತಿಥಿಗೆ ಕೂತದ್ದು... ಅದರ ಮೊದಲಿದ್ದು?" "ಅದೂ ಆಮೇಲಿಂದೇ ರಾಯರೇ. ರೋಗಿ ಕೂರ್ಬಾರ್ದು ಅಂತ ಗೊತ್ತಿದ್ದೇ ಕೂತದ್ದು. ನಿಮಗೆ ಮೋಸ ಮಾಡಿದೆ. ಕ್ಷಮಿಸಿ." ಈಗ ಬೈಯುತ್ತಾರೆ, ಪ್ರಾಯಶ್ಚಿತ್ತದ ಖರ್ಚು ಕೇಳುತ್ತಾರೆ, ನಾಳೆಯೇ ಕಾರ್ಕಳದವರಿಗೂ ತಿಳಿಯುತ್ತದೆ. ತಿಳಿಯಲಿ. ಮನೋರಮಾ ಮಂಚದ ಪಕ್ಕ ನಿಂತು ಅವನನ್ನೇ ನೋಡುತ್ತಿದ್ದಳು.

ರಾಯರು ಯಾರನ್ನೋ ಕೂಗಿ ಮಿಲ್ಲು ನಿಲ್ಲಿಸಲು ಹೇಳಿದರು. ಸದ್ದು ಅಡಗಿತು. "ಅಲ್ಲ ಭಟ್ರೇ" ಎಂದರು, ದನಿ ತಗ್ಗಿಸಿ, "ನಮ್ಮ ಅಪ್ಪ ಎಂತ ಗಟ್ಟಿಮುಟ್ಟಾಗಿದ್ದು ಸತ್ತದ್ದಾ? ಎಂಟು ತಿಂಗಳು ಮೂಗಿಗೆ ನಳಿಗೆ ಹಾಕಿ ಮಲಗಿದ್ರು. ಒಂದು ತುತ್ತು ಅನ್ನ ಬಾಯಿಗೆ ಹೋಗ್ಲಿಲ್ಲ. ರೋಗಿ ಬಂದು ಉಂಡ ಅಂತ ಅವ್ರಿಗೆ ಎಂತ ಬೇಜಾರು? ಖುಷಿಯೇ ಆಗಿರ್ಬೇಕು." ಮತ್ತೆ ತಮ್ಮ ದೊಡ್ಡ ದನಿಗೆ ಬಂದರು. "ನಾಳೆಗೆ ಬೇರೆ ಯಾರನ್ನಾದ್ರೂ ನೋಡ್ತೇನೆ, ನೀವು ಮಲಗಿ. ಅಪ್ಪನ ತಿಥಿ ಫೆಬ್ರವರಿಯಲ್ಲಿ ಉಂಟಲ್ಲ, ಅದಕ್ಕೆ ನೀವೇ ಬರ್ಬೇಕು. ನಿಮ್ಮ ಔಷಧಿದ್ದು ಹೊತ್ತು ಎಂತದ್ದು ಉಂಟು, ಅದನ್ನು ಮೊದಲೇ ಹೇಳಿ. ಅದು ನೋಡಿ ಎಲೆ ಹಾಕುವಾ."

ಫೆಬ್ರವರಿಗೆ ಇನ್ನೂ ಐದು ತಿಂಗಳಿತ್ತು. ಆರು ವರ್ಷದಲ್ಲಿ ಯಾರೊಬ್ಬರೂ, ತಾನೂ ಕೂಡ, ಅಷ್ಟು ದೂರದ ತಿಂಗಳಿಗೆ ತನ್ನನ್ನು ಇಷ್ಟು ನಿಸ್ಸಂಶಯವಾಗಿ ಕರೆದದ್ದು ಅನಂತೇಶನಿಗೆ ನೆನಪಿರಲಿಲ್ಲ. ಕಣ್ಣು ತುಂಬಿ ಫ್ಯಾನು ಕಾಣದಾಯಿತು. ಅವನು ಅತ್ತ, ಹೆಂಡತಿಯ ಎದುರಿಗೇ, ಎದೆಯ ವಯರುಗಳು ಕುಲುಕುವ ಹಾಗೆ ಅತ್ತ.

"ಏಳು ಗಂಟೆಗೆ ನಾನು ನೀರು ಕುಡೀತೇನೆ ರಾಯರೇ" ಎಂದ. "ಎಂಟರ ಮೇಲೆ ಯಾವಾಗ ಬೇಕಾದ್ರೂ ಎಲೆ ಹಾಕಿ. ತುಪ್ಪ ಮಾತ್ರ ಸ್ವಲ್ಪ ಕಮ್ಮಿ ಬಡಿಸ್ಲಿಕ್ಕೆ ಹೇಳಿ."